ದೊಡ್ಡ ಟರ್ಬೊ ಆರಿಸಿದ್ದು ಯಾರು

ನಮ್ಮ ಮನೆಗೂ ಗ್ಯಾರೇಜಿಗೂ ನಡುವೆ ಒಂದೇ ಬಾಗಿಲು. ಅದಕ್ಕೆ ಪರದೆ ಹೊಲಿದು ಹಾಕಿದವಳು ನಾನು. ಹಸಿರು ಬಟ್ಟೆ, ಅಂಚಿಗೆ ಬಿಳಿ ದಾರದ ಹೂವು. ಗ್ಯಾರೇಜಿನ ಧೂಳು ಅಡುಗೆಮನೆಗೆ ಬರಬಾರದು ಅಂತ ಹಾಕಿದ್ದೇನೆ ಎಂದು ಕೇಳಿದವರಿಗೆಲ್ಲ ಹೇಳಿದ್ದೆ. ಎಲ್ಲರೂ ನಂಬಿದರು. ನಮ್ಮ ಮಾವ ಮಸ್ತಾನ್ ಸಾಬ್ ಕೇಳಲೇ ಇಲ್ಲ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಮಾವ ಆ ಗ್ಯಾರೇಜು ಇಟ್ಟು ಆಗಲೇ ಮೂವತ್ತೈದು ವರ್ಷವಾಗಿತ್ತು. ಎಣ್ಣೆ ಮಿಲ್ಲುಗಳ ಲಾರಿಗಳೇ ಅವರ ಗಿರಾಕಿ. ಅವರಿಗೆ ಓದು ಬರುತ್ತಿರಲಿಲ್ಲ. ಕಿವಿಯಿಂದ, ಅಂಗೈಯಿಂದ ಕೆಲಸ ಮಾಡುತ್ತಿದ್ದರು. ನನ್ನ ಯಜಮಾನರು ಅನ್ವರ್ ಆ ಕೆಲಸಕ್ಕೆ ಕೂರದೆ ಎಣ್ಣೆ ಟ್ಯಾಂಕರ್ ಓಡಿಸಲು ಹೋದರು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಗ್ಯಾರೇಜು ಅಜ್ಜನ ಕೈಯಿಂದ ನೇರ ಮೊಮ್ಮಗನ ಕೈಗೆ, ನನ್ನ ಬಬ್ಲುವಿನ ಕೈಗೆ ಬಂತು.

ನಾನು ಮೊಳಕಾಲ್ಮೂರಿನವಳು. ನಮ್ಮಪ್ಪ ಅಲ್ಲಿ ಉರ್ದು ಶಾಲೆಯ ಮೇಷ್ಟ್ರು. ಮನೆಯಲ್ಲಿ ಮಾತು ಉರ್ದುವಿನಲ್ಲೇ ಆದರೂ ನನ್ನನ್ನು ಪಿಯುಸಿ ತನಕ ಕನ್ನಡದಲ್ಲಿ ಓದಿಸಿದರು. ಮದುವೆಯಾಗಿ ಬಂದ ದಿನದಿಂದ ಮಾವನ ಊಟದ ತಟ್ಟೆಯ ಅಂಚಿನಲ್ಲಿ ಕಪ್ಪು ಬೆರಳಚ್ಚು ನೋಡಿದ್ದೇನೆ. ಎಷ್ಟು ತೊಳೆದರೂ ಅವರ ಕೈಯ ಗ್ರೀಸು ಹೋಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಆ ತಟ್ಟೆ ಉಜ್ಜಿದೆ. ಬಬ್ಲು ಡಿಪ್ಲೊಮಾ ಮುಗಿಸಿ ಬಂದ ದಿನ, ಇನ್ನು ಇಲ್ಲಿ ಓದಿದವನು ಕೂರುತ್ತಾನೆ ಅಂತ ನನಗೆ ಹಿಗ್ಗು.

ಬಬ್ಲು ಹಳೆಯ ಬೋರ್ಡು ಇಳಿಸಿ ‘ಕಾರ್ ಟ್ಯೂನಿಂಗ್’ ಅಂತ ಹೊಸದು ಬರೆಸಿದ. ಕಾರಿನವರು ಬರತೊಡಗಿದರು. ಅವರು ಬಂದಾಗ ಗೆರೆ ಲುಂಗಿ ಉಟ್ಟು, ಮುಂದುಗಡೆ ಸ್ಟೂಲಿನ ಮೇಲೆ ಬೀಡಿ ಸೇದುತ್ತಾ ಮಾವ ಕೂತಿರುವುದು ನನಗೆ ಸರಿಕಾಣಲಿಲ್ಲ. “ಅಬ್ಬಾ, ಒಳಗೆ ಬನ್ನಿ, ಚಾ ಕುಡೀರಿ” ಅಂತ ಕರೆಯುತ್ತಿದ್ದೆ. ದಿನಕ್ಕೆ ಮೂರು ಸಲ, ನಾಲ್ಕು ಸಲ. ಆಮೇಲೆ ಪರದೆ ಬಂತು. ಕೆಲವು ದಿನಗಳಲ್ಲಿ ಅವರು ಕಾರಿನ ಸದ್ದು ಕೇಳಿದೊಡನೆ ತಾವೇ ಎದ್ದು, ಪಕ್ಕದ ಓಣಿಯಿಂದ ಸುತ್ತಿ, ಹಿತ್ತಲ ಬಾಗಿಲಲ್ಲಿ ಒಳಗೆ ಬರುವುದು ರೂಢಿಯಾಯಿತು. ಲಾರಿ ಬಂದರೆ ಅದೇ ಓಣಿಯಿಂದ ಮುಂದಕ್ಕೆ ಹೋಗುವರು. ಮನೆಯಲ್ಲಿ ಜಗಳವಿಲ್ಲದೆ ಎಲ್ಲ ನಡೆಯುತ್ತಿದೆ ಅಂತ ನಾನು ಸಮಾಧಾನಪಟ್ಟುಕೊಂಡೆ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಮಹಾಂತೇಶ ತನ್ನ ಬಿಳಿ ಎಸ್ಟೀಮ್ ಕಾರು ತಂದ. ಅವನು ಅಜ್ಜಪ್ಪ ಸಾವ್ಕಾರರ ಮಗ. ಅವರ ಮನೆ ಮೊಳಕಾಲ್ಮೂರಿನಲ್ಲಿ, ಕಡಲೆಕಾಯಿ ಎಣ್ಣೆ ಮಿಲ್ಲು ಚಳ್ಳಕೆರೆಯಲ್ಲಿ. ಮಿಲ್ಲಿನ ಆರು ಲಾರಿಗಳನ್ನೂ ಮೊದಲಿನಿಂದ ನೋಡಿಕೊಂಡವರು ನಮ್ಮ ಮಾವ. ಮಹಾಂತೇಶನಿಗೆ ಮಾತ್ರ ಕಾರಿನ ಹುಚ್ಚು. ಆ ಕಾರನ್ನು ಆಗಲೇ ನೆಲಕ್ಕೆ ತಾಗುವಂತೆ ಇಳಿಸಿದ್ದ, ಅಗಲದ ಚಕ್ರ ಹಾಕಿಸಿದ್ದ. ಅದು ನಮ್ಮ ರಸ್ತೆಗೆ ತಿರುಗಿದರೆ ಅಡುಗೆಮನೆಯ ಪಾತ್ರೆ ಅದುರುತ್ತಿದ್ದವು. ಬಳ್ಳಾರಿಯ ಗೆಳೆಯರ ಜೊತೆ ಮುಂದಿನ ತಿಂಗಳು ಪಂದ್ಯ ಕಟ್ಟಿದ್ದ.

“ಲೇ ಬಬ್ಲೂ, ಇಂಜಿನ್ನಿಗೆ ಇನ್ನೂರು ಕುದುರೆ ಶಕ್ತಿ ಬೇಕು ನೋಡು. ಒಂದು ಕಡಿಮೆ ಆದ್ರೂ ಬಳ್ಳಾರಿ ಮಂದಿ ಮುಂದೆ ಮುಖ ತೋರ್ಸೋ ಹಂಗಿಲ್ಲ.”

“ಇನ್ನೂರು ಕುದುರೆ ಕಟ್ಟೋಕೆ ನಿಮ್ಮಪ್ಪಾರ ಮಿಲ್ಲೂ ಸಾಲಂಗಿಲ್ಲ ಅಣ್ಣಾ.”

“ಹುಲ್ಲು ನಾನು ಹಾಕ್ತೀನಿ ಕಣಲೇ, ನೀನು ಕುದುರೆ ತಾ.”

ಬಬ್ಲು ಬೆಂಗಳೂರಿನ ಗುಜರಿಗೆ ಹೋಗಿ ಎರಡು ಟರ್ಬೊ ತಂದ. ಟರ್ಬೊ ಅಂದರೆ ನೋಡಲು ದೊಡ್ಡ ಬಸವನಹುಳುವಿನ ಚಿಪ್ಪಿನ ಹಾಗೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೋಹದ ಚಿಪ್ಪು, ಒಳಗೆ ಒಂದೇ ಕಡ್ಡಿಗೆ ಎರಡು ಪುಟ್ಟ ಚಕ್ರ. ಇಂಜಿನ್ ಬಿಡುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ನಾವು ಒಲೆಗೆ ಊದುಗೊಳವೆಯಿಂದ ಊದುವುದಿಲ್ಲವೇ, ಹಾಗೆ. ಊದಿದಷ್ಟು ಬೆಂಕಿ ಜೋರು. ಇಲ್ಲಿ ಮಾತ್ರ ಊದುವ ಉಸಿರು ಒಲೆಯದ್ದೇ ಹೊಗೆ.

ತಂದ ಎರಡರಲ್ಲಿ ಒಂದು ತೆಂಗಿನಕಾಯಿಯಷ್ಟಿತ್ತು. ಈ ಕಾರಿನಷ್ಟೇ ಇಂಜಿನ್ ಇರುವ ಯಾವುದೋ ಜಪಾನ್ ಕಾರಿನದು. ಇನ್ನೊಂದು ಅದರ ಎರಡರಷ್ಟು, ಎರಡರಷ್ಟು ದೊಡ್ಡ ಇಂಜಿನ್ನಿನದು. ಗುಜರಿಯವನು ಎರಡನ್ನೂ ಕೊಟ್ಟು, ಒಗ್ಗಿದ್ದು ಇಟ್ಟುಕೊಂಡು ಇನ್ನೊಂದನ್ನು ವಾಪಸು ತಾ ಅಂದಿದ್ದನಂತೆ.

ಬಬ್ಲು ಇಂಟರ್‌ನೆಟ್ ಸೆಂಟರಿನಿಂದ ಯಾವ ಟರ್ಬೊ ಎಷ್ಟು ಗಾಳಿ ತುಂಬುತ್ತದೆ ಎಂದು ತೋರಿಸುವ ನಾಲ್ಕಾರು ಹಾಳೆ ಪ್ರಿಂಟು ಹಾಕಿಸಿಕೊಂಡು ಬಂದ. ಹಾಳೆಯ ತುಂಬ ಒಂದರೊಳಗೊಂದು ಮೊಟ್ಟೆಯಂಥ ಗೆರೆಗಳು, ಬದಿಗೆ ಅಂಕಿಗಳು. ಇಂಗ್ಲಿಷ್ ಸಾಲುಗಳನ್ನು ನನ್ನ ಹತ್ತಿರ ಓದಿಸಿದ. ನನಗೆ ಅರ್ಥವಾದದ್ದು ನಾಲ್ಕರಲ್ಲಿ ಒಂದು. ಆದರೂ ಅಲ್ಲೇ ಕಾರಿಗೆ ಒರಗಿ ನಿಂತಿದ್ದ ಮಹಾಂತೇಶನಿಗೆ ಕೇಳಿಸಲಿ ಅಂತಲೇ ಗಟ್ಟಿಯಾಗಿ ಓದಿದೆ.

“ನೋಡಿ ಅಮ್ಮೀ, ಇನ್ನೂರು ಕುದುರೆಗೆ ಬೇಕಾದ ಗಾಳಿ ಚಿಕ್ಕದರ ಗೆರೆ ಆಚೆ ಬೀಳ್ತೈತೆ. ದೊಡ್ಡದರಲ್ಲಾದ್ರೆ ನಟ್ಟನಡುವೆ” ಅಂತ ಬಬ್ಲು ಬೆರಳಿಟ್ಟು ತೋರಿಸಿದ. ಮಗನ ಬೆರಳು ಹಾಳೆಯ ಮೇಲೆ ಓಡುವುದನ್ನು ನೋಡಿ ನನ್ನ ಕಣ್ಣು ತುಂಬಿತು. ಹಾಳೆ ಸುಳ್ಳು ಹೇಳಿರಲಿಲ್ಲ. ಇಂಜಿನ್ ತನ್ನ ಪೂರ್ತಿ ವೇಗದಲ್ಲಿದ್ದಾಗಿನ ಲೆಕ್ಕ ಅದರಲ್ಲಿತ್ತು. ಅಲ್ಲಿಯ ತನಕ ಏರುವ ದಾರಿಯ ಲೆಕ್ಕವನ್ನು ನಾವಿಬ್ಬರೂ ನೋಡಲಿಲ್ಲ.

ಅಷ್ಟರಲ್ಲಿ ಪರದೆ ಸರಿಯಿತು. ಮಾವ ನನ್ನ ಬಚ್ಚಲ ಬಕೆಟ್ಟಿನಲ್ಲಿ ಮೈದಾ ಹಿಟ್ಟಿನ ಬಟ್ಟೆಯ ಚೀಲವನ್ನು ನೆನೆಸಿ ಹಿಡಿದುಕೊಂಡು ಬಂದರು. ಟರ್ಬೊ ಇರುವ ಲಾರಿಗಳು ಬರತೊಡಗಿದಾಗಿನಿಂದ ಅವರದೊಂದು ಪದ್ಧತಿ. ಸೈಲೆನ್ಸರಿನ ಬಾಯಿಗೆ ಒದ್ದೆ ಚೀಲ ಕಟ್ಟಿ, ಇಂಜಿನ್ ರೇಸ್ ಮಾಡಿಸಿ, ಚೀಲ ಉಬ್ಬಿ ನಿಲ್ಲುವ ತನಕ ಎಣಿಸುವುದು. ಅದಕ್ಕೆ ಅವರು ‘ದಮ್ ನೋಡೋದು’ ಅನ್ನುತ್ತಿದ್ದರು. ಎಷ್ಟಕ್ಕೆ ತುಂಬಿದರೆ ಯಾವ ಟರ್ಬೊ ಎಂಬುದು ಅವರ ತಲೆಯಲ್ಲಿತ್ತು.

“ಸ್ಟಾರ್ಟ್ ಮಾಡಪ್ಪ” ಅಂದರು. ಮಹಾಂತೇಶ ನಗುತ್ತಲೇ ಮಾಡಿದ. ಮಾವ ಬಗ್ಗಿ ಚೀಲ ಕಟ್ಟಿದರು, ಉರ್ದುವಿನಲ್ಲಿ ಎಣಿಸಿದರು. ಹನ್ನೊಂದಕ್ಕೆ ಚೀಲ ತುಂಬಿತು.

“ಇದರ ದಮ್ ಇಷ್ಟೇ ಬೇಟಾ” ಅಂದರು ಬಬ್ಲುವಿಗೆ. “ಆ ದೊಡ್ಡ ಚಕ್ರ ತಿರುಗಿಸೋಕೆ ಇದು ಸಾಲಂಗಿಲ್ಲ. ಓಡಿ ಓಡಿ ಕೊನೇಗೆ ಅದು ಎದ್ದೇಳ್ತೈತೆ. ಅಷ್ಟೊತ್ತಿಗೆ ರಸ್ತೆ ಮುಗ್ದಿರ್ತೈತೆ. ಚಿಕ್ಕದು ಹಾಕು. ನೂರಾ ಮೂವತ್ತೇ ಕುದುರೆ ಬರ್ಲಿ, ಕರೆದಾಗ ಬರ್ತಾವೆ.”

ಮಹಾಂತೇಶ ಹೊಟ್ಟೆ ಹಿಡಿದು ನಕ್ಕ. “ಸಾಬ್ರೇ, ನನ್ ಕಾರಿಗೆ ಮೈದಾ ಚೀಲ ಕಟ್ಟಿದ್ದು ಬಳ್ಳಾರೀಲಿ ಗೊತ್ತಾದ್ರೆ ನಾನು ಬೇಕರಿ ಇಡ್ಬೇಕಾಗ್ತೈತೆ!”

ಬಬ್ಲುವೂ ನಕ್ಕ. ನನ್ನ ಕಿವಿ ಬಿಸಿಯಾಯಿತು. ಒದ್ದೆ ಚೀಲದ ನೀರು ಮಾವನ ಲುಂಗಿಯ ಮೇಲೆ ಇಳಿಯುತ್ತಿತ್ತು. ನಾನು ಹೇಳಿದ ಮಾತು ನನಗೆ ಅಕ್ಷರ ತಪ್ಪದೆ ನೆನಪಿದೆ. “ಅಬ್ಬಾ, ನಿಮಗೆ ಗೊತ್ತಿರೋದು ಲಾರಿ. ಇದು ಓದಿ ಮಾಡೋ ಕೆಲಸ. ಒಳಗೆ ಬನ್ನಿ, ಚಾ ಆರ್ತಾ ಐತೆ.”

ಮಾವ ಗಂಟು ಬಿಚ್ಚಿದರು. ಚೀಲ ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದು ಅಡುಗೆಮನೆಯ ಗೋಡೆಗೆ ಒರಗಿ ಕೂತರು. ನಾನು ಚಾ ಮಾಡಿಯೇ ಇರಲಿಲ್ಲ. ಅವರು ಕೂತ ಮೇಲೆ ಒಲೆ ಹಚ್ಚಿದೆ. ಅವರು ಒಲೆಯ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತಾ, ಹಾಲು ಕುದಿಯುವ ತನಕ ಕಾದರು.

ದೊಡ್ಡದನ್ನೇ ಹಾಕಿದರು. ಪೈಪು ಬೆಸೆಯುವುದು, ಅದು ಇದು ಅಂತ ಹತ್ತು ದಿನ ಹಿಡಿಯಿತು. ಓಡಿಸಿ ನೋಡಿ ಬಂದ ಬಬ್ಲು, “ಮೊದ್ಲು ಸ್ವಲ್ಪ ಮಂಕು ಅಮ್ಮೀ. ಆಮೇಲೆ ಒದ್ದಂಗೆ ಹೋಗ್ತೈತೆ” ಅಂದ. ಆ ‘ಆಮೇಲೆ’ಯನ್ನು ನಾನು ಮೆಚ್ಚಿಕೊಂಡು ಕೇಳಿದೆ.

ನಾಲ್ಕು ದಿನ ಕಳೆದಿರಬಹುದು. ಮಹಾಂತೇಶ ಹೆಂಡತಿ ಶಿಲ್ಪಾಳನ್ನು ಕೂರಿಸಿಕೊಂಡು ಸಂಜೆ ಮೊಳಕಾಲ್ಮೂರಿಗೆ ಹೊರಟಿದ್ದ. ತಳುಕು ದಾಟಿದ ಮೇಲೆ ಮುಂದೆ ಕಡಲೆಕಾಯಿ ಚೀಲ ತುಂಬಿದ ಟ್ರ್ಯಾಕ್ಟರ್, ಎದುರಿಗೆ ದೂರದಲ್ಲಿ ಬಸ್ಸು. ದಾಟಬಹುದು ಅಂತ ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತಿದ. ಕಾರು ಏಳಲಿಲ್ಲ. ಇನ್ನೂ ಒತ್ತಿದ. ಬಸ್ಸು ಹತ್ತಿರವಾಯಿತು. ಗಾಬರಿಯಲ್ಲಿ ಒತ್ತಿದ ಕಾಲು ತೆಗೆಯದೆಯೇ ಟ್ರ್ಯಾಕ್ಟರಿನ ಹಿಂದಕ್ಕೆ ಸೇರಿಕೊಳ್ಳಲು ಎಡಕ್ಕೆ ಎಳೆಯುವಷ್ಟರಲ್ಲಿ ದೊಡ್ಡ ಚಕ್ರ ಎದ್ದುಬಿಟ್ಟಿತು. ಅಷ್ಟೂ ಕುದುರೆ ಒಂದೇ ಸಲಕ್ಕೆ ಬಂದವು. ಕಾರು ರಸ್ತೆ ಬಿಟ್ಟು ಹಾರಿ, ಜಾಲಿ ಪೊದೆಗೆ ನುಗ್ಗಿ, ಒಂದು ಬಂಡೆಗೆ ಬಡಿದು ನಿಂತಿತು. ಮಹಾಂತೇಶನ ಹೆಗಲ ಮೂಳೆ ಮುರಿಯಿತು. ಶಿಲ್ಪಾಳ ಹಣೆಗೆ ಏಳು ಹೊಲಿಗೆ.

ಬಬ್ಲು ಸುದ್ದಿ ಕೇಳಿದವನೇ ಆಸ್ಪತ್ರೆಗೆ ಓಡಿದ. ಮರುದಿನ ಬೆಳಿಗ್ಗೆ ನಾನು ಗ್ಯಾರೇಜಿನ ಕಸ ಗುಡಿಸುತ್ತಿದ್ದಾಗ ಅಜ್ಜಪ್ಪ ಸಾವ್ಕಾರರು ಬಂದು ಬಾಗಿಲಲ್ಲಿ ನಿಂತರು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

“ಕುತ್ಕಳ್ರಿ ಸಾವ್ಕಾರ್ರೇ.”

“ಕೂರಕ್ಕೆ ಬಂದಿಲ್ಲಮ್ಮ.” ಅವರ ದನಿ ಜೋರಿರಲಿಲ್ಲ. ಜೋರಿದ್ದಿದ್ದರೆ ನನಗೂ ಬೇರೆ ಮಾತು ಬರುತ್ತಿತ್ತೇನೋ. “ಮಗ ಬಾಯಿ ಬಿಡವಲ್ಲ. ಮಿಲ್ಲಿನ ಡ್ರೈವರ್‌ಗಳು ಅಂತಾರೆ, ಇಂಜಿನ್ನಿಗೆ ಒಗ್ಗದ ದೊಡ್ಡದೊಂದು ಹಾಕ್ಯಾರೆ, ಅದಕ್ಕೇ ಹಿಂಗಾತು ಅಂತ. ಎರಡು ತಂದಿದ್ರಂತಲ್ಲ. ದೊಡ್ಡದು ಆರಿಸಿದ್ದು ಯಾರು?”

‘ನನ್ನ ಮಗ’ ಅಂದರೆ ಏನಾಗುತ್ತದೆ ಅಂತ ಕಸಬರಿಗೆ ಕೆಳಗಿಡುವಷ್ಟರಲ್ಲಿ ನನಗೆ ಕಂಡಿತು. ಮಿಲ್ಲಿನ ಆರು ಲಾರಿ ಹೋಗುತ್ತವೆ. ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ. ಹೊಸ ಬೋರ್ಡು, ಡಿಪ್ಲೊಮಾ, ಎಲ್ಲ ಮುಗಿಯಿತು. ಇಪ್ಪತ್ನಾಲ್ಕು ವರ್ಷದ ಹುಡುಗ.

“ನಮ್ಮ ಮಾವ” ಅಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ವಯಸ್ಸಾತು, ಅವರಿಗೆ ಈಗಿನದು ತಿಳಿಯಲ್ಲ. ಬಬ್ಲು ಬ್ಯಾಡ ಅಂತಲೇ ಹೇಳ್ದ. ಹಿರಿಯರ ಮಾತು ಮೀರೋಕಾಗ್ಲಿಲ್ಲ” ಅಂತ ಸೇರಿಸಿದೆ.

ಪರದೆ ಸರಿಯಿತು. ಮಾವ ಅಡುಗೆಮನೆಯಲ್ಲಿ ನನಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದರು. ಅವರ ಲುಂಗಿಯ ಮೇಲೆ ಬೆಳ್ಳುಳ್ಳಿ ಸಿಪ್ಪೆ ಅಂಟಿತ್ತು. ನನ್ನ ಕಡೆ ನೋಡಲಿಲ್ಲ.

“ಹೌದು ಸಾವ್ಕಾರ್ರೇ. ನಾನೇ ಹೇಳಿದ್ದು.”

ಅಜ್ಜಪ್ಪನವರು ಅವರ ಮುಖ ನೋಡಿದರು. “ಮೂವತ್ತು ವರ್ಷ ನಿಮ್ ಕೈ ನಂಬಿ ಲಾರಿ ಬಿಟ್ಟಿದ್ದೆ, ಸಾಬ್ರೇ.”

“ಹೌದು.”

“ಇನ್ನು ನಮ್ ಗಾಡಿ ನೀವು ಮುಟ್ಟೋದು ಬ್ಯಾಡ. ಮೊಮ್ಮಗನೇ ನೋಡ್ಕಳ್ಳಿ.”

“ಆಗ್ಲಿ.”

ಅವರು ಹೋದ ಮೇಲೆ ನಾನು ಕಸಬರಿಗೆ ಎತ್ತಿಕೊಂಡು ಉಳಿದ ಕಸ ಗುಡಿಸಿದೆ. ಒಳಗೆ ಹೋದಾಗ ಮಾವ ಉಳಿದ ಬೆಳ್ಳುಳ್ಳಿಯನ್ನೂ ಸುಲಿದು ಬಟ್ಟಲಿಗೆ ಹಾಕಿದ್ದರು. ಬಟ್ಟಲನ್ನು ನನ್ನ ಕಡೆ ಸರಿಸಿ, “ಇಷ್ಟು ಸಾಕಾ ಬೇಟಿ?” ಅಂದರು.

ನಾನು ಬಟ್ಟಲು ತೆಗೆದುಕೊಂಡು ಒಲೆಯ ಕಡೆ ತಿರುಗಿದೆ.

ಬಬ್ಲು ಸಂಜೆ ಬಂದ. ನಡೆದದ್ದನ್ನು ಹೇಳಿದೆ. ಅವನು ಕೈ ತೊಳೆಯುತ್ತಾ ಅಜ್ಜನ ಬಗ್ಗೆ ಕೇಳಿದ. “ದಾದಾ ಏನಂದ್ರು?”

“ಹೌದು ಅಂದ್ರು.”

ಅವನು ಟವೆಲಿನಲ್ಲಿ ಕೈ ಒರೆಸಿಕೊಂಡು ಊಟಕ್ಕೆ ಕೂತ. ನಾಚಿಕೆಯಿಂದ ಸುಮ್ಮನಿದ್ದಾನೆ ಅಂದುಕೊಂಡೆ. ತಾಯಿ ಹಾಗೇ ಅಂದುಕೊಳ್ಳುತ್ತಾಳೆ.

ಮಿಲ್ಲಿನ ಲಾರಿಗಳು ಮೊದಲಿನಂತೆಯೇ ಬಂದವು. ಬಬ್ಲು ನೋಡಿದ. ಬೇರೆಯವರ ಲಾರಿಯನ್ನೂ ಮುಟ್ಟದೆ ಮಾವ ಒಳಗೇ ಇದ್ದರು. ಲಾರಿಯ ಸದ್ದು ಕೇಳಿದಾಗ ಒಂದು ಕೈ ನೆಲಕ್ಕೂರಿ ಅರ್ಧ ಏಳುವರು, ನೆನಪಾಗಿ ಮತ್ತೆ ಕೂರುವರು. ಯಾವ ಲಾರಿ, ಅದರ ಯಾವ ಭಾಗ ಕೆಟ್ಟಿದೆ ಎಂಬುದು ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಒಮ್ಮೆ ತಮ್ಮಷ್ಟಕ್ಕೆ, “ಬೇರಿಂಗ್ ಹೋಗೈತೆ” ಅಂದರು. ಬಬ್ಲು ಅದನ್ನು ಹುಡುಕಲು ಮಧ್ಯಾಹ್ನದ ತನಕ ಒದ್ದಾಡಿದ. ನಾನು ಇಬ್ಬರ ನಡುವೆ ಅನ್ನ ಬಸಿಯುತ್ತಾ ಕೂತಿದ್ದೆ. ಪರದೆ ಎತ್ತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ರಾತ್ರಿ ಮಾವನ ತಟ್ಟೆ ತೊಳೆಯುವಾಗ ಅಂಚಿನಲ್ಲಿ ಬೆರಳಚ್ಚು ಕಾಣಲಿಲ್ಲ. ಎರಡು ವಾರದಲ್ಲಿ ಅವರ ಕೈ ಬೆಳ್ಳಗಾಗಿತ್ತು. ಇಪ್ಪತ್ತೈದು ವರ್ಷ ನಾನು ಬಯಸಿದ್ದು ಅದನ್ನೇ.

ತಿಂಗಳು ತುಂಬುವ ಹೊತ್ತಿಗೆ ಹಿರಿಯೂರಿನಿಂದ ಕಾರಿನವರೊಬ್ಬರು ಬಂದರು. ನಾನು ಒಣಗಿದ ಬಟ್ಟೆ ಮಡಚುತ್ತಾ ಪರದೆಯ ಈಚೆಗಿದ್ದೆ. ಮಾವ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿದ್ದರು.

“ನಿಮ್ಮಲ್ಲಿ ಟರ್ಬೊ ಹಾಕಿದ ಕಾರು ಜಾಲಿಗೆ ನುಗ್ತಂತಲ್ಲಪ್ಪ?” ಅಂದರು ಆತ.

“ಅಯ್ಯೋ ಅದು ನಮ್ ದಾದಾಂದು ಸಾರ್” ಅಂದ ಬಬ್ಲು. “ಹಳೇ ಕಾಲದೋರು. ದೊಡ್ಡದಿದ್ರೆ ಒಳ್ಳೇದು ಅಂತಾರೆ. ಸೈಲೆನ್ಸರಿಗೆ ಮೈದಾ ಚೀಲ ಕಟ್ಟಿ ನೋಡೋರು ಅವ್ರು!” ಇಬ್ಬರೂ ನಕ್ಕರು.

ಅವನ ದನಿಯಲ್ಲಿ ಒಂದು ಎಳೆ ತಡವರಿಕೆ ಇರಲಿಲ್ಲ. ಅದು ಅವನ ಮೊದಲ ಸಲವೂ ಅಲ್ಲ ಅಂತ ಆ ಸಲೀಸಿನಲ್ಲೇ ತಿಳಿಯಿತು. ಸುಳ್ಳು ನನ್ನದು, ಅದನ್ನು ಬಡಿಸಿದವಳು ನಾನು. ಅವನು ಉಂಡು ಈಗ ಬೇರೆಯವರಿಗೂ ಬಡಿಸುತ್ತಿದ್ದ. ಮಾವ ತಲೆ ಎತ್ತಲಿಲ್ಲ. ನನ್ನ ಮಡಿಲಿನಿಂದ ಜಾರಿದ್ದ ಬಬ್ಲುವಿನ ಅಂಗಿಯನ್ನು ತೆಗೆದು, ಕೊಡವಿ, ಮಡಚಿ ನನ್ನ ಪಕ್ಕಕ್ಕಿಟ್ಟರು.

ಮರುದಿನ ಬೆಳಿಗ್ಗೆ ಅಡುಗೆ ಮುಗಿಸಿ, ಬುರ್ಖಾ ಹಾಕಿಕೊಂಡು, ತವರಿಗೆ ಹೋಗಿ ಬರ್ತೀನಿ ಅಂತ ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳುಕಿನಾಚೆ ಕಾರು ನುಗ್ಗಿದ ಜಾಲಿ ಪೊದೆ ಬಸ್ಸಿನಿಂದಲೇ ಕಂಡಿತು. ಮುರಿದ ಕೊಂಬೆಗಳು ಒಣಗಿದ್ದವು.

ಅಜ್ಜಪ್ಪನವರ ಮನೆಯಲ್ಲಿ ಕೆಲಸದ ಯರ್ರಮ್ಮ ಬಾಗಿಲು ತೆಗೆದಳು. “ದಾ ಅಮ್ಮ, ಕೂಚೋ” ಅಂತ ತೆಲುಗಿನಲ್ಲಿ ಒಳಗೆ ಕರೆದು ಚಾಪೆ ಹಾಸಿದಳು. ಮಹಾಂತೇಶ ಕೈಗೆ ಜೋಳಿಗೆಯಂತೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲಿದ್ದ. ಅವನ ತಾಯಿ ವೀರಮ್ಮ ಮಜ್ಜಿಗೆ ತಂದರು. ಅಜ್ಜಪ್ಪನವರು ಆಗಷ್ಟೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಕೂತರು. ಶಿಲ್ಪಾ ಬಾಗಿಲ ಬಳಿ ನಿಂತಿದ್ದಳು. ಅವಳ ಹಣೆಯ ಗಾಯದ ಗೆರೆ ನೋಡಿ ಮಜ್ಜಿಗೆಯ ಲೋಟ ಕೆಳಗಿಟ್ಟೆ.

“ಸಾವ್ಕಾರ್ರೇ, ಅವತ್ತು ನಾನು ಹೇಳಿದ್ದು ಸುಳ್ಳು. ದೊಡ್ಡದು ಆರಿಸಿದ್ದು ನನ್ನ ಮಗ. ಸರಿ ಅಂದೋಳು ನಾನು. ನಮ್ಮ ಮಾವ ಚೀಲ ಕಟ್ಟಿ ನೋಡಿ, ಬ್ಯಾಡ, ಚಿಕ್ಕದು ಹಾಕು ಅಂದ್ರು. ನಾನೇ ಅವರನ್ನ ಒಳಗೆ ಕಳ್ಸಿದೆ.”

ಮಂಚದಿಂದ ಮಹಾಂತೇಶ, “ನಂಗೊತ್ತಿತ್ತು ಅಕ್ಕ” ಅಂದ.

ಅಜ್ಜಪ್ಪನವರು ಅವನ ಕಡೆ ತಿರುಗಿದರು.

“ಸಾಬ್ರು ಮಿಲ್ ಗೇಟಿಗೆ ಬಂದಿದ್ರು, ನಾನು ಹೊರಡೋ ಹಿಂದಿನ ದಿನ. ಮಂದಿ ಮುಂದೆ ಹೇಳ್ಬಾರ್ದು ಅಂತ ಪಕ್ಕಕ್ಕೆ ಕರ್ದು ಹೇಳಿದ್ರು. ‘ಇದು ತಡವಾಗಿ ಏಳ್ತೈತೆ ಬೇಟಾ, ಗಾಡಿ ದಾಟೋವಾಗ ಇದನ್ನ ನಂಬಬ್ಯಾಡ’ ಅಂತ. ನಾನು ನಗಾಡಿ, ಹೋಗಿ ಚಾ ಕುಡೀರಿ ಸಾಬ್ರೇ ಅಂದೆ.” ಅವನು ಹೊದಿಕೆಯ ಅಂಚನ್ನು ಒಳ್ಳೆಯ ಕೈಯಿಂದ ತಿರುವುತ್ತಿದ್ದ. “ಆಮೇಲೆ ನೀವು ಅವ್ರ ಹೆಸ್ರು ಹೇಳಿದ್ರಿ ಅಂತ ಗೊತ್ತಾತು. ಸುಮ್ನಾದೆ.”

“ತಿಂಗಳೊಪ್ಪತ್ತು ಬಾಯಾಗ ಏನಿಟ್ಕಂಡಿದ್ದೆ?” ಅಂದರು ವೀರಮ್ಮ. “ಹೆಂಡ್ತಿ ಹಣೆ ನೋಡೂ ಸುಮ್ನಿದ್ಯಲ್ಲ. ಆ ಮುದುಕಪ್ಪ ನಿನ್ ಅಜ್ಜನ್ ವಾರಿಗೇರು ಕಣೋ!” ನನ್ನನ್ನು ಅವರು ಒಂದು ಮಾತೂ ಬೈಯಲಿಲ್ಲ. ಮಗನಿಗೆ ಬೈದ ಒಂದೊಂದು ಮಾತೂ ನನ್ನ ಮಡಿಲಿಗೆ ಬೀಳುತ್ತಿತ್ತು.

ಅಜ್ಜಪ್ಪನವರು ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು. “ಬಾರಮ್ಮ, ಜೀಪೈತೆ. ಹೋಗನ” ಅಂದರು. ಹಾನಗಲ್ ಕ್ರಾಸಿನಲ್ಲಿ, “ನೀನು ಉರ್ದು ಶಾಲೆ ಮೇಷ್ಟ್ರ ಮಗಳಲ್ಲೇನು?” ಅಂತ ಕೇಳಿದರು.

“ಹೌದ್ರೀ.”

“ನಮ್ ಅಂಗ್ಡಿಗೆ ಬರೋರು. ಒಂದು ಸುಳ್ಳು ಆಡಿದ್ದು ನಾ ಕೇಳಿಲ್ಲ.”

ನಾನು ಚಳ್ಳಕೆರೆ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಜೀಪಿನ ಸದ್ದಿಗೆ ಮಾವ ಒಳಗಿರುತ್ತಾರೆ ಅಂತ ಗೊತ್ತಿದ್ದರಿಂದ ನಾನೇ ಮೊದಲು ಇಳಿದು ಪರದೆ ಸರಿಸಿದೆ. ಬಬ್ಲು ಕಾರೊಂದರ ಕೆಳಗಿನಿಂದ ಎದ್ದು ನಿಂತ. ಅಜ್ಜಪ್ಪನವರು ಚಪ್ಪಲಿ ಹೊರಗೆ ಬಿಟ್ಟು ನಮ್ಮ ಅಡುಗೆಮನೆಯ ತನಕ ಬಂದರು.

“ಸಾಬ್ರೇ, ತಪ್ಪಾತು. ಸರಿಯಾಗಿ ವಿಚಾರಿಸದೆ ಮಾತಾಡ್ದೆ.”

ಮಾವ ಮೊದಲು ನನ್ನ ಮುಖ ನೋಡಿದರು. ಎಲ್ಲಿಗೆ ಹೋಗಿದ್ದೆ ಅಂತ ಅವರಿಗೆ ಆಗ ತಿಳಿಯಿತು. “ಇರ್ಲಿ ಸಾವ್ಕಾರ್ರೇ” ಅಂದರು. ಆಮೇಲೆ, “ಕಾರು ಎಲ್ಲೈತೆ? ಚಿಕ್ಕದು ಇನ್ನೂ ನನ್ ಹತ್ರನೇ ಐತೆ. ಇವನು ವಾಪಸು ಕೊಡ್ತೀನಿ ಅಂದ, ನಾನು ಬಿಡ್ಲಿಲ್ಲ” ಅಂದರು. ಮೂಲೆಯ ಟ್ರಂಕಿನಿಂದ ಅದನ್ನು ತೆಗೆದರು. ಅದೇ ಮೈದಾ ಚೀಲದಲ್ಲಿ ಸುತ್ತಿಟ್ಟಿದ್ದರು.

ಅಜ್ಜಪ್ಪನವರು ಹೋಗುವಾಗ ಬಬ್ಲುವಿನ ಮುಂದೆ ನಿಂತರು. “ಲಾರಿ ಇನ್ನು ನಿಮ್ ತಾತ ನೋಡ್ತಾರೆ. ನೀನು ಅವ್ರ ಕೈ ಕೆಳಗೆ ಸ್ಪ್ಯಾನರ್ ಕೊಡು. ಒಂದ್ ವರ್ಷ.”

ಅವರು ಹೋದ ಮೇಲೆ ಬಬ್ಲು ನನ್ನನ್ನು ಕೇಳಿದ. “ಅಮ್ಮೀ, ನಾನು ಹೇಳಿ ಅಂದಿದ್ನಾ? ನೀವೇ ಹೇಳಿದ್ರಿ, ನೀವೇ ಹೋಗಿ ಅಳಿಸಿದ್ರಿ. ನಡುವೆ ನಾನು ಯಾರ ಮುಂದೆ ಮುಖ ಎತ್ಲಿ?” ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹದಿನೈದು ದಿನ ಅವನು ನನ್ನ ಜೊತೆ ಊಟ ಬೇಕು, ಸಾಕು ಎಂಬಷ್ಟೇ ಮಾತಾಡಿದ.

ಮಾವನಿಗೂ ಬೇಸರವಾಗಿತ್ತು. ಸಂಜೆ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು ಕೂತು, “ಯಾಕೆ ಹೋದೆ ಬೇಟಿ? ನಾನು ಎಷ್ಟು ದಿನದೋನು? ಹುಡುಗನ ಹೆಸ್ರು ಉಳೀತಿತ್ತು” ಅಂದರು.

“ಅವನು ಕಲ್ತುಬಿಟ್ಟ ಅಬ್ಬಾ.”

“ಏನು ಕಲ್ತ?”

“ನಿಮ್ಮ ಹೆಸ್ರು ಹೇಳೋದು. ನಗಾಡ್ತಾ ಹೇಳೋದು.”

ಅವರು ಮೊರದಿಂದ ಒಂದು ಕಲ್ಲು ಆರಿಸಿ ತೆಗೆದು ಹೊರಗೆ ಎಸೆದರು. “ಹಂಗಾದ್ರೆ ಹೋಗಿದ್ದು ಸರಿ” ಅಂದರು. ಅದಕ್ಕಿಂತ ಹೆಚ್ಚು ನಾವಿಬ್ಬರೂ ಅದರ ಬಗ್ಗೆ ಎಂದೂ ಮಾತಾಡಿಲ್ಲ. ಕ್ಷಮಿಸಿ ಅಂತ ನಾನು ಬಾಯಿಬಿಟ್ಟು ಕೇಳಿಲ್ಲ. ಕೇಳಿದರೆ ಅವರು ‘ಇರ್ಲಿ’ ಅನ್ನುತ್ತಾರೆ. ಆ ‘ಇರ್ಲಿ’ಯನ್ನು ತೆಗೆದುಕೊಳ್ಳಲು ನನಗೆ ಕೈ ಬರುವುದಿಲ್ಲ.

ಯುಗಾದಿ ಕಳೆದ ಮೇಲೆ ಕಾರು ಬಂತು. ಬಳ್ಳಾರಿಯ ಪಂದ್ಯ ಯಾವತ್ತೋ ಮುಗಿದಿತ್ತು. ಆದರೂ ಚಿಕ್ಕದು ಹಾಕಿಸಲೇಬೇಕು ಅಂತ ಮಹಾಂತೇಶ ಹಟ ಮಾಡಿದ್ದ. ಮಾವ ಒಂದು ವಾರ ಹೇಳುತ್ತಾ ಹೋದರು, ಬಬ್ಲು ಮಾಡುತ್ತಾ ಹೋದ. ಕೊನೆಯ ದಿನ ಮಾವ ಮತ್ತೊಮ್ಮೆ ದಮ್ ನೋಡಬೇಕು ಅಂದರು. ಬಬ್ಲು ಒಳಗೆ ಬಂದು, ಬಕೆಟ್ಟಿನಲ್ಲಿ ಚೀಲ ನೆನೆಸಿಕೊಂಡು ಹೋದ. ತಾನೇ ಬಗ್ಗಿ ಕಟ್ಟಿದ. ಮಾವ ಎಣಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನಕ್ಕರು. ಬಬ್ಲುವಿನ ಕಿವಿ ಕೆಂಪಾಯಿತು, ಆದರೆ ಗಂಟು ಬಿಡಲಿಲ್ಲ.

ಆಮೇಲೆ ಅವನೇ ಕಾರು ತೆಗೆದುಕೊಂಡು ತಳುಕಿನ ತನಕ ಹೋಗಿ ಬಂದ. ಇಳಿದು ಕೀಲಿಯನ್ನು ಮಹಾಂತೇಶನಿಗೆ ಕೊಡದೆ ಅಜ್ಜನ ಅಂಗೈಯಲ್ಲಿಟ್ಟ.

“ಏನಂತೈತೆ?” ಅಂದರು ಮಾವ.

“ಕರೆದಾಗ ಬರ್ತಾವೆ ದಾದಾ.”

ಎಷ್ಟು ಕುದುರೆ ಅಂತ ಯಾರೂ ಅಳೆಯಲಿಲ್ಲ.

ಪರದೆಯನ್ನು ನಾನು ಮೊಳಕಾಲ್ಮೂರಿನಿಂದ ಬಂದ ದಿನವೇ ತೆಗೆದುಹಾಕಿದ್ದೆ. ಧೂಳು ಈಗ ಅಡುಗೆಮನೆಗೆ ಬರುತ್ತದೆ, ಒರೆಸುತ್ತೇನೆ. ಮಾವನ ತಟ್ಟೆಯಲ್ಲಿ ಕಪ್ಪು ಬೆರಳಚ್ಚು ಮತ್ತೆ ಮೂಡಿದೆ. ಆದರೆ ಕಾರಿನ ಸದ್ದು ಕೇಳಿದರೆ ಅವರು ಇವತ್ತಿಗೂ ಸ್ಟೂಲಿನಿಂದ ಎದ್ದು, ಓಣಿ ಸುತ್ತಿ, ಹಿತ್ತಲಿನಿಂದ ಒಳಗೆ ಬರುತ್ತಾರೆ. “ಅಬ್ಬಾ, ಅಲ್ಲೇ ಕೂತ್ಕೊಳ್ಳಿ, ಪರದೆ ತೆಗೆದೀನಿ” ಅಂತ ಎಷ್ಟೋ ಸಲ ಹೇಳಿದೆ. “ರೂಢಿ ಆಗೈತೆ ಬೇಟಿ” ಅನ್ನುತ್ತಾರೆ.

ಹಾಗಾಗಿ ಈಗ ಕಾರು ಬಂದ ಸದ್ದಾದರೆ ನಾನು ಚಾ ಮಾಡಿ, ಲೋಟ ಹಿಡಿದು, ಅವರು ಏಳುವ ಮೊದಲೇ ಸ್ಟೂಲಿನ ಹತ್ತಿರ ಹೋಗಲು ನೋಡುತ್ತೇನೆ. ಕೆಲವು ಸಲ ಸಿಗುತ್ತಾರೆ. ಕೆಲವು ಸಲ ಸ್ಟೂಲು ಖಾಲಿ ಇರುತ್ತದೆ.